ಹೊಸ ಮನೆಗೆ ಹೋಗದ ಮಾವ

ಇರಲು ಮನೆಯಿಲ್ಲದೆ ಕಷ್ಟಪಟ್ಟವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಸೊಗಸಾದ ಹೊಸ ಮನೆ ಕಟ್ಟಿಸಿ, ಅದಕ್ಕೆ ಬೀಗ ಜಡಿದು, ಎದುರಿನ ಹಳೆಯ ಮನೆಯ ಜಗಲಿಯ ಮೇಲೆ ಕೂತು ಅದನ್ನು ನೋಡುತ್ತ ಎಲೆಯಡಿಕೆ ಜಗಿದವರು, ನನಗೆ ತಿಳಿದಂತೆ, ನಮ್ಮ ಮಾವ ಒಬ್ಬರೇ! ಅವರು ಜಗಲಿಯ ಮೇಲೆ ಗಾಳಿಗೆ ಕೂತಿದ್ದಾಗ ಒಳಗೆ ಹೊಗೆ ಕುಡಿಯುತ್ತಿದ್ದವಳು ನಾನು. ಆದ್ದರಿಂದ ಅವರ ವಿಷಯ ಬರೆಯುವ ಹಕ್ಕು ನನಗಿದೆ.

ಮಾವ ಎಂದರೆ ನನ್ನ ತಾಯಿಯ ಸ್ವಂತ ಅಣ್ಣ. ಅವರ ಒಬ್ಬನೇ ಮಗನಿಗೆ ನನ್ನನ್ನು ಕೊಟ್ಟರು. ನಾನು ಗೌರಿಬಿದನೂರಿನಲ್ಲಿ, ಎರಡು ಕಡೆ ಕಿಟಕಿಯಿದ್ದ ಮನೆಯಲ್ಲಿ ಬೆಳೆದವಳು. ಸಾದಲಿ ಹತ್ತಿರದ ಹಳ್ಳಿಗೆ ಹೋಗುವುದಿಲ್ಲ ಎಂದು ಅತ್ತಾಗ ಅಮ್ಮ, "ಅಯ್ಯೋ ಹುಚ್ಚಿ, ಮಾವ ಹೊಸ ಮನೆ ಕಟ್ಟಿಸ್ತಾ ಅವ್ರೆ ಕಣೇ. ಮಂಗಳೂರು ಹೆಂಚು, ಸಿಮೆಂಟು ನೆಲ, ಗಾಜಿನ ಕಿಟಕಿ!" ಎಂದಳು. ಗಾಜಿನ ಕಿಟಕಿ ಎಂದ ಕೂಡಲೇ ನಾನು ಕಣ್ಣೊರೆಸಿಕೊಂಡೆ. ಐವತ್ತರ ದಶಕದ ಹುಡುಗಿಯನ್ನು ಒಪ್ಪಿಸುವುದು ಎಷ್ಟು ಸುಲಭವಾಗಿತ್ತು ನೋಡಿ!

ಹಳೆಯ ಮನೆ ಮಣ್ಣಿನ ಗೋಡೆ, ಮಣ್ಣಿನದೇ ಚಾವಣಿಯ ಮಾಳಿಗೆ ಮನೆ. ಒಂದು ಬೆಳಕಿಂಡಿ ಬಿಟ್ಟರೆ ಸೂರ್ಯನಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಡುಮನೆಯ ತುಂಬ ಅಟ್ಟಣೆ ಕಟ್ಟಿ, ಅದರ ಮೇಲೆ ರೇಷ್ಮೆ ಹುಳುವಿನ ಬಿದಿರು ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದರು. ತಂಪಾದ ಜಾಗವೆಲ್ಲ ಹುಳುಗಳಿಗೆ; ಉಳಿದ ಸಂದಿಗೊಂದಿ ನಮಗೆ. ಶಿಡ್ಲಘಟ್ಟದಲ್ಲಿ ಗುಮಾಸ್ತನಾಗಿದ್ದ ನನ್ನ ಗಂಡ ಭಾನುವಾರಕ್ಕೊಮ್ಮೆ ಬಂದು, ಹುಳುಗಳ ಆರೋಗ್ಯ ವಿಚಾರಿಸಿ, ಹೊತ್ತು ಮಿಕ್ಕಿದರೆ ನನ್ನದನ್ನು ವಿಚಾರಿಸುತ್ತಿದ್ದರು. ಹುಳು ಪೊರೆ ಬಿಡಲು ತಲೆಯೆತ್ತಿ ಸುಮ್ಮನಾದಾಗ ಅದನ್ನು 'ಜ್ವರಕ್ಕೆ ಕೂತಿದೆ' ಎನ್ನುತ್ತಾರೆ. ಆಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಪಾತ್ರೆ ಸದ್ದು ಮಾಡುವಂತಿಲ್ಲ. ನನಗೆ ನಿಜವಾಗಿಯೇ ಜ್ವರ ಬಂದು ಮಲಗಿದಾಗ ಮಾವ ಇಣುಕಿ, "ಇವಳೊಬ್ಬಳು! ಹುಳು ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೇ ಮಲಗಬೇಕಾ?" ಎಂದರು.

ಹೊಸ ಮನೆಯ ಗೃಹಪ್ರವೇಶ ಜೋರಾಗಿಯೇ ಆಯಿತು. ಹಸುವನ್ನು ಒಳಗೆ ಹೊಡೆದರು, ಹಾಲು ಉಕ್ಕಿಸಿದರು, ದಿಬ್ಬೂರಹಳ್ಳಿಯ ನೆಂಟರೆಲ್ಲ ಹೋಳಿಗೆ ತಿಂದು ಹೋದರು. ನಾನು ನನ್ನ ಟ್ರಂಕನ್ನು ಗಾಜಿನ ಕಿಟಕಿಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಸಂಜೆಯಾಗುತ್ತಲೂ ಮಾವ, "ಸರಿ, ನಡೀರಿ ಮನೆಗೆ ಹೋಗಣ" ಎಂದರು!

"ಇದೇ ಮನೆ ಅಲ್ವಾ ಮಾವ?"

"ಇದು ಇನ್ನೂ ಎಳೇದು ಕಣೇ. ಗೋಡೆ ಒಂದು ಮಳೆ ಕುಡೀಲಿ."

ಹಸುವನ್ನು ಮಾತ್ರ ಅಲ್ಲೇ ಹಿತ್ತಲಲ್ಲಿ ಕಟ್ಟಿ ಬಂದರು. ಆ ಮನೆಯ ಗಾಳಿ ಬೆಳಕನ್ನು ಮೊದಲು ಅನುಭವಿಸಿದ್ದು ಅದೇ.

ಗೋಡೆ ಮಳೆ ಕುಡಿಯಿತು. ಆಮೇಲೆ ಅದು ಬಿಸಿಲಿಗೆ ಒಣಗಬೇಕಾಯಿತು. ಒಣಗಿದ ಮೇಲೆ, ಹುಳುಗಳಿಗೆ ಸುಣ್ಣದ ವಾಸನೆ ಆಗುವುದಿಲ್ಲ ಎಂಬ ಹೊಸ ಕಾರಣ ಹುಟ್ಟಿತು.

"ಹುಳು ಇಲ್ಲೇ ಇರ್ಲಿ ಮಾವ, ನಮಗೆ ಆಗ್ತದಲ್ಲ ಆ ವಾಸನೆ!"

"ನಿಮ್ಮನ್ನ ಸಂತೆಗೆ ಹಾಕೋಕಾಗ್ತದಾ? ಹುಳು ಮೊದಲು, ನೀವು ಆಮೇಲೆ."

ಊರಿನ ಸ್ಕೂಲು ಮೇಷ್ಟ್ರು ಪಾಪ, ಮನೆ ಸುಮ್ಮನೆ ಹಾಳುಬಿದ್ದಿದೆಯಲ್ಲ, ಬಾಡಿಗೆಗಾದರೂ ಕೊಡಿ ಎಂದು ಕೇಳಿದರು. ಮಾವ ಅವರ ಮೇಲೆ ಹರಿಹಾಯ್ದು ಕಳಿಸಿದರು. ಬಾಡಿಗೆಗೂ ಇಲ್ಲ, ನಮಗೂ ಇಲ್ಲ! ಮತ್ತೆ ಯಾರಿಗೆ ಕಟ್ಟಿಸಿದ್ದು, ಗುಬ್ಬಚ್ಚಿಗಳಿಗೆ?

ಹಳೆಯ ಮನೆಯ ಗುಣಗಾನಕ್ಕಂತೂ ಕೊನೆಯೇ ಇರಲಿಲ್ಲ. ಜಗಲಿಗೆ ಬಂದವರಿಗೆಲ್ಲ, "ಹಳೇ ಮನೆ ಅಂದ್ರೆ ನಮ್ಮನ್ನ ತಿಳಕೊಂಡಿರ್ತದಪ್ಪ. ಕಣ್ಣು ಮುಚ್ಚಿ ನಡೆದ್ರೂ ಎಲ್ಲಿ ತಲೆ ಬಗ್ಗಿಸಬೇಕು ಅಂತ ಗೊತ್ತಿರ್ತದೆ. ಹೊಸ ಮನೆಗೆ ನಾವ್ಯಾರೋ, ಅದ್ಯಾರೋ!" ಎನ್ನುತ್ತಿದ್ದರು. ಒಂದು ಸಲ ಅದೇ ಹೊತ್ತಿಗೆ ಅವರಿಗೆ ಮಜ್ಜಿಗೆ ತರುತ್ತಿದ್ದ ನನ್ನ ಹಣೆ ಬಾಗಿಲವಾಡಕ್ಕೆ ಬಡಿಯಿತು. ಆ ಮನೆ ನನ್ನನ್ನು ಮಾತ್ರ ಯಾಕೋ ಇನ್ನೂ ತಿಳಿದುಕೊಂಡಿರಲಿಲ್ಲ.

ಬಾಣಂತನಕ್ಕೆ ಗೌರಿಬಿದನೂರಿಗೆ ಹೋದವಳು ಐದು ತಿಂಗಳ ಮಗಳನ್ನು ಎತ್ತಿಕೊಂಡು ಮರಳಿದೆ. ಹಸುಗೂಸನ್ನು ನೋಡಿಯಾದರೂ ಕರಗುತ್ತಾರೆ ಎಂದುಕೊಂಡಿದ್ದೆ. ಚಳಿಗಾಲ. ಹುಳುಗಳಿಗೆ ಶೀತವಾಗಬಾರದೆಂದು ನಡುಮನೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು. ಹುಳುಗಳು ಹಾಯಾಗಿ ಸೊಪ್ಪು ಮೇಯುತ್ತಿದ್ದವು. ನನ್ನ ಮಗಳು ಆ ಹೊಗೆಗೆ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದಳು. ಒಂದು ದಿನ ತಡೆಯಲಾರದೆ, "ಮಾವ, ಇದು ನಿಮ್ಮ ಮೊಮ್ಮಗಳು. ಬೀಗದ ಕೈ ಕೊಡ್ತೀರೋ, ನಾನು ಬಸ್ಸು ಹತ್ತಲೋ?" ಎಂದು ಕೂಗಿಬಿಟ್ಟೆ.

ಅವರು ಎದ್ದು ಜಗಲಿಗೆ ಹೋಗಿ ಎಲೆಯಡಿಕೆ ಹಾಕಿಕೊಂಡರು. ಮಾರನೆಯ ಬೆಳಿಗ್ಗೆ ಚಾಪೆ, ಕಂಬಳಿ, ಒಂದು ಚೊಂಬು ತೆಗೆದುಕೊಂಡು, ಅಗ್ಗಿಷ್ಟಿಕೆಯನ್ನು ನಡುಮನೆಯಿಂದ ಹೊರಗೆ ಹಾಕಿಸಿ, ತಾವೊಬ್ಬರೇ ಹೊಸ ಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು!

ನನಗೆ ಹೇಗಾಗಿರಬೇಡ! ಊರೆಲ್ಲ ನಕ್ಕಿತು. "ಏಮಮ್ಮಾ, ನಿಮ್ಮ ಮಾವನೋರು ಬೇರೆ ಸಂಸಾರ ಹೂಡಿದ್ರಂತೆ?" ಎಂದು ಪಕ್ಕದ ಮನೆಯಾಕೆ ಬೇಕೆಂದೇ ಕೇಳಿದಳು. ಬೆಂಕಿಯಿಲ್ಲದ್ದರಿಂದ ಆ ಸಲ ಅರ್ಧ ಹುಳು ಸತ್ತವು. ಮಾವ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ ಎಂಬುದನ್ನು ಗಮನಿಸುವಷ್ಟು ತಾಳ್ಮೆ ನನಗಿರಲಿಲ್ಲ. ದಿನವೂ ಮುದ್ದೆ, ಸಾರು ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ಕುಕ್ಕಿ ಬರುತ್ತಿದ್ದೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋದರೆ ಹೊಸಿಲು ಮೆಟ್ಟಲೂ ಬಿಡುತ್ತಿರಲಿಲ್ಲ. "ಅಲ್ಲೇ ನಿಲ್ಲು, ಅಲ್ಲೇ ನಿಲ್ಲು" ಎಂದು ಎದ್ದು ಬರುತ್ತಿದ್ದರು.

ಒಂದು ಮಧ್ಯಾಹ್ನ ನನಗೆ ರೇಗಿಹೋಯಿತು. "ಅದೇನು ಮಾವ, ಮಗು ಕಾಲಿಟ್ಟರೆ ನಿಮ್ಮ ಸಿಮೆಂಟು ನೆಲ ಸವೆದುಹೋಗ್ತದಾ? ಗಾಳಿ ಬೆಳಕೆಲ್ಲ ನಿಮಗೊಬ್ಬರಿಗೇ ಬೇಕಾ?"

ಮಾವ ತಟ್ಟೆ ಕೆಳಗಿಟ್ಟರು.

"ಹೊಸ ಮನೆ ಒಬ್ಬರನ್ನ ಕೇಳ್ತದೆ ಕಣೇ" ಎಂದರು ಮೆಲ್ಲಗೆ. "ಹಳೇ ಮನೆಗೆ ಹಿಂದಿನ ಕೋಣೆ ಸೇರಿಸಿ ಕಟ್ಟಿಸಿದ್ದೆ, ಆಗ ನೀನು ಚಿಕ್ಕೋಳು. ಕೋಣೆಗೆ ಹೋಗಿ ವರ್ಷ ತುಂಬಲಿಲ್ಲ, ನಿಮ್ಮತ್ತೆ ಹೋದ್ಲು. ಇಲ್ಲಿ ಈಗ ನಾನೊಬ್ಬನೇ ಅವ್ನಿ. ಕೇಳೋದಾದ್ರೆ ನನ್ನನ್ನೇ ಕೇಳ್ಲಿ. ಯುಗಾದಿ ಬಂದ್ರೆ ಏನೂ ಭಯ ಇಲ್ಲವಂತೆ. ಆಮೇಲೆ ಮಗೀನ ಕರ್ಕೊಂಡು ಬಾ."

ನಾನು ಮಗುವನ್ನು ಅವಚಿಕೊಂಡು ಹೊಸಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. "ಅದರೊಳಗೆ ನಿಮಗೇ ಏನಾದ್ರೂ ಆದ್ರೆ?"

"ಆದ್ರೆ ಇನ್ನೂ ಒಳ್ಳೇದಾಯ್ತಲ್ಲ! ತಿಥಿ ಮುಗಿದ ಮಾರನೇ ದಿನವೇ ಬಂದ್ಬಿಡು. ಯುಗಾದಿವರೆಗೂ ಯಾಕೆ ಕಾಯ್ತೀಯಾ?"

ಅದನ್ನೆಲ್ಲ ನಾನು ಆಗಲೂ ನಂಬಿದವಳಲ್ಲ, ಈಗಲೂ ನಂಬುವುದಿಲ್ಲ. ಆದರೂ ಅವತ್ತಿನಿಂದ ದಿನವೂ ಬೆಳಿಗ್ಗೆ ಎದ್ದ ತಕ್ಷಣ ಓಡಿಹೋಗಿ ಆ ಬಾಗಿಲು ತಟ್ಟುತ್ತಿದ್ದೆ. ಒಳಗಿನಿಂದ ಅವರ ಗೊಣಗಾಟ ಕೇಳಿದ ಮೇಲೆಯೇ ನನಗೆ ಉಸಿರು ಬರುತ್ತಿತ್ತು. ಆ ಗೊಣಗಾಟ ಅಷ್ಟು ಇಂಪಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಯುಗಾದಿಯ ಬೆಳಿಗ್ಗೆ ಮಾವನೇ ಬಾಗಿಲು ತೆರೆದು, ಎಣ್ಣೆ ಹಚ್ಚಿದ ಮೈಯಲ್ಲೇ ಎರಡೂ ಕೈ ಚಾಚಿ ಮಗುವನ್ನು ಒಳಗೆ ಎತ್ತಿಕೊಂಡರು. ನಾನು ಹೊಸಿಲಲ್ಲೇ ಅವರ ಕಾಲಿಗೆ ಬಿದ್ದೆ. ಮನೆಯನ್ನು ಆಮೇಲೆ ನೋಡಿದೆ.