ನಮ್ಮ ಕೋಳಿಗಳು ಮೊಟ್ಟೆಗೆ ಮಾತ್ರ

ಮಂಡ್ಯ ಜಿಲ್ಲೆಯಲ್ಲಿ ಹಿತ್ತಲಿನಲ್ಲಿ ಏನನ್ನು ಬೇಕಾದರೂ ಸಾಕಬಹುದು, ಯಾರೂ ಕಾರಣ ಕೇಳುವುದಿಲ್ಲ. ನಾಯಿ ಸಾಕಿದರೆ ಕಾವಲಿಗೆ, ಹಸು ಸಾಕಿದರೆ ಡೈರಿಗೆ ಎಂದು ಜನ ತಾವೇ ತಿಳಿದುಕೊಳ್ಳುತ್ತಾರೆ. ಬಣ್ಣಬಣ್ಣದ ಪುಟ್ಟ ಹಕ್ಕಿಗಳನ್ನು ಪಂಜರದಲ್ಲಿ ತೂಗುಹಾಕಿದರೆ, ಪಾಪ ಮನೆಯವರಿಗೆ ಬೇರೆ ಕೆಲಸವಿಲ್ಲ ಎಂದು ಸುಮ್ಮನಾಗುತ್ತಾರೆ. ಆದರೆ ಕೋಳಿ ಸಾಕಿ, ಅದು ಬರೀ ಮೊಟ್ಟೆಗೆ ಎಂದು ಹೇಳಿ ನೋಡಿ. ಎದುರಿಗಿರುವವರು ನಿಮ್ಮ ಮುಖವನ್ನು ಒಂದು ಗಳಿಗೆ ದಿಟ್ಟಿಸುತ್ತಾರೆ. 'ಸರಿ ಬುಡಿ' ಎನ್ನುತ್ತಾರೆ. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, 'ಯಾವಾಗ ಕುಯ್ಯಾದು?' ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಸವೆದಿದೆ.

ನಾನು ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಮದ್ದೂರಿನ ಹೊಸ ಬಡಾವಣೆಯಲ್ಲಿ ಸ್ವಂತ ಮನೆ, ಹಿಂದೆ ಒಂದಿಷ್ಟು ಖಾಲಿ ಜಾಗ, ಅದರಲ್ಲಿ ಒಂದು ನುಗ್ಗೆಮರ. ಇಷ್ಟರಲ್ಲೇ ತೃಪ್ತನಾಗಿದ್ದವನ ತಲೆ ಕೆಡಿಸಿದ್ದು ಫೋನು. ಅದರಲ್ಲಿ ದಿನಾ ಒಬ್ಬ ಮಹಾಶಯರು ಟೋಪಿ ಹಾಕಿಕೊಂಡು ಬಂದು, ಅಂಗಡಿಯ ಮೊಟ್ಟೆಯನ್ನು ತಟ್ಟೆಗೆ ಒಡೆದು, ಅದರ ಪೇಲವ ಹಳದಿಯನ್ನು ತೋರಿಸಿ, 'ಇದು ಮೊಟ್ಟೆಯಾ?' ಎಂದು ನನ್ನನ್ನೇ ಗದರಿಸುತ್ತಿದ್ದರು. ಇಷ್ಟು ವರ್ಷ ತಿಂದದ್ದೆಲ್ಲ ಮೊಟ್ಟೆಯೇ ಅಲ್ಲವೆಂದು ತಿಳಿದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ? ನಾನು ಮಾರನೆಯ ದಿನವೇ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ, ಇನ್ನು ಮೇಲೆ ನಮ್ಮ ಮನೆಯಲ್ಲಿ ತಾಜಾ ನಾಟಿ ಮೊಟ್ಟೆ ಮಾತ್ರ ಎಂದು ಘೋಷಿಸಿದೆ. ಪಕ್ಕದ ಮೇಜಿನ ನಂಜುಂಡಿಯ ಕಣ್ಣು ಹೊಳೆಯಿತು. 'ಕೋಳಿ ಸಾಕ್ತೀಯಾ? ಬಾಳ ಒಳ್ಳೇದಾಯ್ತು ಕಣ್ಲಾ. ಯಾವ್ ಭಾನುವಾರ ಬರಾನ ಯೋಳು' ಎಂದ.

ಕೋಳಿ ಕೊಟ್ಟವಳು ಪೂರಿಗಾಲಿಯ ನನ್ನ ಅಕ್ಕ. ಅವಳಿಗೆ ಗಂಡು ಮಕ್ಕಳ ಮೇಲೆ, ಅದರಲ್ಲೂ ಬಿಳಿ ಅಂಗಿ ತೊಟ್ಟು ಆಫೀಸಿಗೆ ಹೋಗುವ ಗಂಡಸರ ಮೇಲೆ ಅಷ್ಟೇನೂ ಗೌರವವಿಲ್ಲ. ನನ್ನ ಉದ್ದೇಶ ಕೇಳಿದವಳು ಮೊರದಲ್ಲಿ ರಾಗಿ ಕೇರುತ್ತಿದ್ದುದನ್ನು ನಿಲ್ಲಿಸಿ ಕೇಳಿದಳು: 'ಮೊಟ್ಟೆ ತಿನ್ನಕ್ಕೆ ಕೋಳಿಯಾ? ಆಮ್ಯಾಕೆ ಕೋಳೀನ ಏನ್ ಮಾಡೀಯೆ?'

'ಏನೂ ಇಲ್ಲಕ್ಕ. ಸುಮ್ನೆ ಇರ್ತವೆ.'

'ಸುಮ್ನೆ ಉಂಡ್ಕಂಡು ತಿರ್ಗಾದಾದ್ರೆ ನಿಂಗೂ ಅವುಕ್ಕೂ ಏನ್ಲಾ ಯತ್ವಾಸ?' ಎಂದವಳೇ ಒಳ್ಳೆಯ ಹ್ಯಾಟೆಗಳನ್ನೇ ಆರಿಸಿ, ಮನೆಗೆ ಲಕ್ಷಣವಾಗಿರಲಿ ಎಂದು ಒಂದು ಹುಂಜವನ್ನೂ ಸೇರಿಸಿ, ಕಾಲು ಕಟ್ಟಿ ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿಸಿದಳು. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಮದ್ದೂರು ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿದ್ದ ಅರ್ಧ ಜನ, ನಮ್ಮ ಮನೆಯಲ್ಲಿ ಯಾವ ಹಬ್ಬ, ಯಾವ ದೇವರ ಹರಕೆ ಎಂದು ವಿಚಾರಿಸಿದ್ದರು. ನಾನು ಮೊಟ್ಟೆ ಎಂದಾಗ ಕಂಡಕ್ಟರು ನನ್ನನ್ನು ಕನಿಕರದಿಂದ ನೋಡಿದ.

ನನ್ನ ಹೆಂಡತಿ ಭಾಗ್ಯ ಮೊದಲ ದಿನ ಮೂಗಿಗೆ ಸೆರಗು ಹಿಡಿದು, 'ಈ ಗಲೀಜ್ನ ಯಾರು ಬಳೀತಾರೆ? ನಾನಂತೂ ಅತ್ಲಾಗ್ ತಿರುಗ್ನೂ ನೋಡಕ್ಕಿಲ್ಲ' ಎಂದಳು. ಮೊದಲ ಮೊಟ್ಟೆ ಬೀಳುವವರೆಗೆ ಆ ಮಾತಿನ ಮೇಲೇ ನಿಂತಿದ್ದಳು. ಆ ಮೊಟ್ಟೆ ಇಟ್ಟದ್ದು ಕೆಂಪು ಬಣ್ಣದ ಹ್ಯಾಟೆ. ಇಟ್ಟು ಸುಮ್ಮನಿರದೆ, ಇಡೀ ಬಡಾವಣೆಗೆ ಕೇಳುವ ಹಾಗೆ ಕೂಗಿ ಹೇಳಿತು. ಭಾಗ್ಯ ಬಿಸಿಬಿಸಿ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು, ಮುಖದಲ್ಲಿ ಆ ಮೊಟ್ಟೆಯನ್ನು ತಾನೇ ಇಟ್ಟಷ್ಟು ಹೆಮ್ಮೆ. ಅವತ್ತಿಗೆ ಕೆಂಪು ಹ್ಯಾಟೆ ಕೆಂಪಿಯಾಯಿತು. ನನಗೆ ತಿಂಡಿ ಬಡಿಸುವ ಮೊದಲು ಕೆಂಪಿಗೆ ನುಚ್ಚು ಬೀಳತೊಡಗಿತು. ನಾನು ಆಫೀಸಿನಿಂದ ಬಂದು ತಲೆನೋವು ಎಂದರೆ 'ಮಲೀಕಳಿ' ಎನ್ನುವವಳು, ಕೆಂಪಿ ಒಂದು ಹೊತ್ತು ಮಂಕಾಗಿ ಕೂತರೆ ಪೂರಿಗಾಲಿಗೆ ಫೋನು ಮಾಡಿ ಅರ್ಧ ಗಂಟೆ ಸಲಹೆ ಕೇಳುತ್ತಿದ್ದಳು.

ಇನ್ನು ಮೊಟ್ಟೆಯ ವಿಷಯ. ಟೋಪಿಯ ಮಹಾಶಯರು ಹೇಳದೆ ಬಿಟ್ಟ ಸಂಗತಿಯೆಂದರೆ, ನಾಟಿ ಕೋಳಿಗೆ ಮನಸ್ಸು ಬಂದರೆ ಮಾತ್ರ ಮೊಟ್ಟೆ. ಮನಸ್ಸು ಬಂದರೂ ನಾನು ಹುಲ್ಲು ಹಾಸಿ ಮಾಡಿದ ಗೂಡಿನಲ್ಲಿ ಇಡುವುದಿಲ್ಲ. ಸ್ಕೂಟರಿನ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ, ಹಳೇ ಪೇಪರಿನ ಕಟ್ಟಿನ ಮೇಲೆ ಇಡುತ್ತವೆ. ಹುಡುಕಿ ತೆಗೆದ ಮೊಟ್ಟೆ ನಿನ್ನೆಯದೋ ಹೋದ ತಿಂಗಳದ್ದೋ ತಿಳಿಯದೆ, ತಾಜಾ ಎನ್ನುವ ಮಾತನ್ನು ನಾವು ಮನೆಯಲ್ಲಿ ಬಳಸುವುದನ್ನೇ ಬಿಟ್ಟೆವು. ಆಮೇಲೆ ಕೆಂಪಿ ಕಾವಿಗೆ ಕೂತಳು. ಅವಳನ್ನು ನೋಡಿ ಉಳಿದವೂ ಕೂತವು. ಅದೇ ಹೊತ್ತಿಗೆ ಆಫೀಸಿನವರು ನಾಟಿ ಮೊಟ್ಟೆ ಎಲ್ಲಿ ಎಂದು ಪೀಡಿಸತೊಡಗಿದ್ದರಿಂದ, ನಾನು ಅಂಗಡಿಯಲ್ಲಿ ಕಂದು ಬಣ್ಣದ ಮೊಟ್ಟೆಗಳನ್ನು ಕೊಂಡು, ಬೇಯಿಸಿ ತೆಗೆದುಕೊಂಡು ಹೋದೆ. ನಂಜುಂಡಿ ಕಣ್ಣು ಮುಚ್ಚಿ ಸವಿದು, 'ನೋಡ್ಲಾ, ಮನೇಲಿ ಸಾಕಿದ್ದು ಅಂದ್ರೆ ಇದೇ ಕಣ್ಲಾ. ಬಾಯಿಗಿಟ್ಟೇಟ್ಗೆ ಗೊತ್ತಾಯ್ತದೆ' ಎಂದ. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ.

ಹೀಗೆ ಮೊಟ್ಟೆ ಇಲ್ಲದಿದ್ದರೂ ಕೋಳಿ ಕ್ಷೇಮವಾಗಿದ್ದ ಕಾಲದಲ್ಲಿ ನಮ್ಮ ಮಗಳು ಸುಮಾಳಿಗೆ ಸಂಬಂಧ ಬಂತು. ಅವಳು ಮಂಡ್ಯದ ಶಾಲೆಯೊಂದರಲ್ಲಿ ಟೀಚರು. ಹುಡುಗ ಹೊಳಲಿನವನು, ಮಂಡ್ಯದಲ್ಲಿ ಗೊಬ್ಬರದ ಅಂಗಡಿ. ಇಬ್ಬರೂ ಒಪ್ಪಿದ್ದರು. ಮಗಳ ಮುಖ ನೋಡಿದರೆ, ನಾವು ಒಪ್ಪುವ ಮೊದಲೇ ಒಪ್ಪಿದ್ದರು ಎಂದೂ ತಿಳಿಯುತ್ತಿತ್ತು. ಉಳಿದಿದ್ದುದು ಹುಡುಗನ ತಂದೆ ಸಿದ್ದೇಗೌಡರು. ಕಬ್ಬು, ಭತ್ತ ಬೆಳೆದುಕೊಂಡು ಅನುಕೂಲವಾಗಿರುವ ಮನುಷ್ಯ. ಮಾತು ಕಡಿಮೆ, ನೋಟ ಜಾಸ್ತಿ. ಹೆಣ್ಣು ನೋಡಲು ಬಂದ ದಿನ ಕಾಫಿ ಕುಡಿದು, ಕೈ ಹಿಂದಕ್ಕೆ ಕಟ್ಟಿಕೊಂಡು ಹಿತ್ತಲಿಗೆ ಹೋದರು. ಕೋಳಿಗಳ ಮುಂದೆ ನಿಂತರು. ಬಗ್ಗಿ ಕೆಂಪಿಯನ್ನೇ ಎತ್ತಿಕೊಂಡು, ಎದೆಮೂಳೆ ಮುಟ್ಟಿ ನೋಡಿ, ಕೈಯಲ್ಲೇ ತೂಗಿ, 'ಒಳ್ಳೆ ಖಂಡ ತುಂಬ್ಕಂಡದೆ ಬೀಗ್ರೇ' ಎಂದರು. ಅವರು ನನ್ನನ್ನು ಬೀಗರೇ ಎಂದು ಕರೆದದ್ದು ಅದೇ ಮೊದಲು. ಆ ಸಂತೋಷದಲ್ಲಿ ನಾನು, 'ಹೋದ ವರ್ಷದಿಂದ ಸಾಕಿದ್ದು, ಮುಂದಿನ ಭಾನುವಾರ ಊಟಕ್ಕೇ ಬನ್ನಿ' ಎಂದುಬಿಟ್ಟೆ. ಅಡುಗೆಮನೆಯ ಕಿಟಕಿಯಲ್ಲಿ ಭಾಗ್ಯಳ ಮುಖ ಕಾಣಿಸಿತು.

ನಮ್ಮ ಕಡೆಯ ಮರ್ಯಾದೆಯ ಲೆಕ್ಕ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಮನೆಗೆ ಬಂದವರಿಗೆ ಬೇಳೆ ಸಾರು ಹಾಕಿದರೆ, ಬಂದಿರಿ, ಸಂತೋಷ, ಹೋಗಿಬನ್ನಿ ಎಂದರ್ಥ. ಫಾರಂ ಕೋಳಿ ಹಾಕಿದರೆ ಪರಿಚಯವಿದೆ ಎಂದರ್ಥ. ನಾಟಿ ಕೋಳಿ ಕುಯ್ದರೆ ನೀವು ನಮ್ಮವರು. ಅದರಲ್ಲೂ ಬೀಗರು ತಮ್ಮ ಕೈಯಲ್ಲೇ ಎತ್ತಿ ತೂಗಿದ ಕೋಳಿಯನ್ನು ಬಿಟ್ಟು ಬೇರೆ ಏನನ್ನು ಮಾಡಿದರೂ, ನಾಳೆ ಹೊಳಲಿನ ಅರಳಿಕಟ್ಟೆಯಲ್ಲಿ ನಮ್ಮ ವಂಶದ ವಿಚಾರಣೆಯಾಗುತ್ತದೆ.

ಆ ವಾರ ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. 'ಕೆಂಪಿ ಮ್ಯಾಲೆ ಕೈ ಆಕುದ್ರೆ ಬೀಗ್ರುಗೆ ನೀವೇ ಅಡ್ಗೆ ಮಾಡ್ಕಳಿ. ನಾನು ತಾಯಿ ಮನೆಗೆ ಓಯ್ತೀನಿ' ಎಂದಳು ಭಾಗ್ಯ. ಸುಮಾ ಮೊದಲು, 'ಅಪ್ಪ, ಒಂದು ಕೋಳಿಗೋಸ್ಕರ ನನ್ನ ಮದುವೆ ಕೆಡಿಸ್ಬೇಡಿ' ಎಂದು ಅತ್ತಳು. ಸಂಜೆ ಕೆಂಪಿಗೆ ನುಚ್ಚು ಹಾಕಿ ಬಂದು, 'ಆದ್ರೆ ಅದನ್ನ ಕುಯ್ಯಬೇಡಿ' ಎಂದು ಮತ್ತೆ ಅತ್ತಳು. ಅಕ್ಕನಿಗೆ ಫೋನು ಮಾಡಿದೆ. 'ನಾನ್ ಅವತ್ತೇ ಕೇಳ್ನಿಲ್ವಾ, ಕೋಳೀನ ಏನ್ ಮಾಡೀಯೆ ಅಂತ?' ಎಂದು ಫೋನಿಟ್ಟಳು. ನನಗೆ ನಿಜವಾಗಿಯೂ ಭಯವಾಗಿತ್ತು. ಮಗಳ ಮದುವೆ ನಿಂತರೆ ಅದಕ್ಕೆ ಕಾರಣ ಏನೆಂದು ನೆಂಟರಿಗೆ ಹೇಳುವುದು?

ಕೊನೆಗೆ ಗಂಡಸರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಭಾನುವಾರ ಬೆಳಿಗ್ಗೆ ಪೇಟೆಗೆ ಹೋಗಿ ಹಳ್ಳಿಯವರು ಮಾರಲು ತಂದಿದ್ದ ಎರಡು ನಾಟಿ ಕೋಳಿ ಕೊಂಡು, ಅಲ್ಲೇ ಕುಯ್ಯಿಸಿ, ಚೀಲದಲ್ಲಿ ಹಾಕಿಕೊಂಡು ಬಂದೆ. ನಮ್ಮ ಕೋಳಿಗಳನ್ನು ಗೂಡಿಗೆ ತುಂಬಿ ಮುಂದೆ ಒಂದು ಹಳೇ ಬಾಗಿಲು ಅಡ್ಡ ಇಟ್ಟೆ. ಬೀಗರು ಬಂದರು, ಕೂತರು. ಭಾಗ್ಯ ಮಾಡಿದ ಸಾರಿನ ಮುಂದೆ ಮುದ್ದೆಗಳು ಕರಗಿದವು. 'ಸಾಕಿದ್ ಕೋಳಿ ರುಚಿನೇ ಬೇರೆ' ಎಂದು ಸಿದ್ದೇಗೌಡರು ಮತ್ತೆ ಹಾಕಿಸಿಕೊಂಡರು. ನಾನು ತೊಡೆಯ ತುಂಡೊಂದನ್ನು ಹಿಡಿದು ನೆಮ್ಮದಿಯಾಗಿ ಚೀಪುತ್ತಿದ್ದೆ. ಅಷ್ಟರಲ್ಲಿ ಆ ಹಾಳು ಕೆಂಪಿ ಹೇಗೆ ನುಸುಳಿ ಬಂದಳೋ, ತಿಂಗಳುಗಟ್ಟಲೆ ಇಲ್ಲದ ಮೊಟ್ಟೆಯನ್ನು ಆಗಲೇ ಇಟ್ಟಳೋ, ಹಿತ್ತಲ ಬಾಗಿಲಲ್ಲಿ ನಿಂತು ಗಂಟಲು ಕಿತ್ತುಹೋಗುವಂತೆ ಕೂಗತೊಡಗಿದಳು.

ಸಿದ್ದೇಗೌಡರು ಕೆಂಪಿಯನ್ನು ನೋಡಿದರು. ತಮ್ಮ ಎಲೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, 'ಅಂಗಾರೆ ನಾವು ಉಣ್ತಾ ಇರಾದು ಯಾವ್ದು ಬೀಗ್ರೇ?' ಎಂದರು.

ನನಗೆ ಅಲ್ಲಿಯವರೆಗೂ ಜೀವನದಲ್ಲಿ ಯಾವ ತತ್ವವೂ ಇರಲಿಲ್ಲ. ಆ ಕ್ಷಣದಲ್ಲಿ ಒಂದು ಹುಟ್ಟಿತು. ಸಾಕಿದ ಜೀವವನ್ನು ನಮ್ಮ ಮನೆಯಲ್ಲಿ ಕೊಲ್ಲುವುದಿಲ್ಲ, ಕೈಯಾರೆ ಕಾಳು ಹಾಕಿ ಅದೇ ಕೈಯಲ್ಲಿ ಕತ್ತಿ ಹಿಡಿಯುವುದು ನನ್ನಿಂದಾಗದು, ನಮ್ಮ ಕೋಳಿಗಳು ಮೊಟ್ಟೆಗೆ ಮಾತ್ರ ಎಂದು ನಾನು ಭಾವುಕನಾಗಿ ಭಾಷಣ ಮಾಡಿದೆ. ತೊಡೆಯ ತುಂಡು ಇನ್ನೂ ಕೈಯಲ್ಲೇ ಇತ್ತು. ಸಿದ್ದೇಗೌಡರು ಪೂರ್ತಿ ಕೇಳಿ, 'ಒಳ್ಳೇ ತತ್ವ' ಎಂದಷ್ಟೇ ಹೇಳಿ ಕೈ ತೊಳೆದರು. ಎಲೆ ಅಡಿಕೆ ಹಾಕಿಕೊಂಡು ಹೊರಟುಹೋದರು.

ಆಮೇಲೆ ಹೊಳಲಿನಿಂದ ಫೋನೇ ಇಲ್ಲ. ಸುಮಾ ಊಟ ಬಿಟ್ಟಳು. ಭಾಗ್ಯ ಕೆಂಪಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, 'ನಿನ್ನಿಂದ ಏನಾಯ್ತು ನೋಡೇ' ಎಂದು ಹೇಳುತ್ತಾ ನನ್ನ ಕಡೆ ನೋಡುತ್ತಿದ್ದಳು. ಆಫೀಸಿನಲ್ಲಿ ಕೂಡಿಸುವ ಲೆಕ್ಕವನ್ನು ನಾನು ಕಳೆದೆ. ಇನ್ನು ಯಾರನ್ನಾದರೂ ನಡುವೆ ಕಳಿಸಬೇಕು ಎಂದುಕೊಳ್ಳುವಷ್ಟರಲ್ಲಿ ಸಿದ್ದೇಗೌಡರದೇ ಫೋನು ಬಂತು. 'ನಮ್ಮನೆ ನೋಡಕ್ಕೆ ಬರ್ನಿಲ್ವಲ್ಲಾ ನೀವು. ಈ ಭಾನುವಾರ ಉಣ್ಣಕ್ಕೆ ಬನ್ನಿ' ಎಂದರು.

ಬಾಡಿಗೆ ಕಾರು ಮಾಡಿಕೊಂಡು ಮೂವರೂ ಹೊರಟೆವು. ಡ್ರೈವರು ಮಾದೇವ ನಮ್ಮ ಬೀದಿಯವನೇ. ಹೊಳಲಿನ ಆ ಮನೆಯ ಮುಂದೆ ಇಳಿದಾಗ ಅಂಗಳದ ತುಂಬ ಕೋಳಿ. ಒಂದೊಂದೂ ಗಟ್ಟಿಮುಟ್ಟು. ಕೆಂಪಿಯನ್ನೂ ಮೀರಿಸುವ ಒಂದು ಹ್ಯಾಟೆ ನನ್ನ ಕಾಲ ಬಳಿಯೇ ಹಾದುಹೋಯಿತು. ಒಳಗಿನಿಂದ ಹುರಿದ ಮಸಾಲೆಯ, ಕಾಯಿಯ ವಾಸನೆ ಬರುತ್ತಿತ್ತು. ಮನೆ ತೋರಿಸಿದರು, ಗದ್ದೆ ತೋರಿಸಿದರು. ನಾನು ಎಲ್ಲದಕ್ಕೂ ಚೆನ್ನಾಗಿದೆ ಎಂದೆ. ಮೂಗು ಮಾತ್ರ ಅಡುಗೆಮನೆಯ ಕಡೆಗೇ ಇತ್ತು. ಎಲೆ ಹಾಕಿದರು. ಮುದ್ದೆ ಬಂತು. ಅದರ ಪಕ್ಕಕ್ಕೆ ಅವರೆಕಾಳಿನ ಸಾರು ಬಂತು, ಸೊಪ್ಪಿನ ಪಲ್ಯ ಬಂತು, ಶಾವಿಗೆ ಪಾಯಸ ಬಂತು. ನಾನು ಮುದ್ದೆ ಮುರಿಯದೆ ಕಾದೆ. ಮೊಸರು ಬಂತು.

'ನಿಮ್ ತತ್ವ ನಂಗೆ ಬಾಳ ಇಡಿಸ್ತು ಬೀಗ್ರೇ' ಎಂದರು ಸಿದ್ದೇಗೌಡರು, ನನ್ನ ಎದುರು ಕೂತು. 'ನಮ್ಮನೇಲಿ ಇರಾವೆಲ್ಲ ಸಾಕಿದ್ ಕೋಳಿಗಳೇ. ಅವ್ನ ಕುಯ್ದು ಇಕ್ಕುದ್ರೆ ನಿಮ್ ಮನ್ಸು ನೋಯ್ತದೆ. ಅದ್ಕೇ ನಿಮ್ಗೆ ಮಾತ್ರ ಬೇರೆ ಪಾತ್ರೇಲಿ ಮಾಡ್ಸಿವ್ನಿ. ಸಂಕೋಚ ಪಟ್ಕಬ್ಯಾಡಿ, ಉಣ್ಣಿ.' ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರು ಮನಸಾರೆ ಹೇಳಿದರೋ, ಬಡ್ಡಿ ಸಮೇತ ತೀರಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. 'ಬಹಳ ಸಂತೋಷ' ಎಂದೆ. ಅಂಗಳದ ತುಂಬ ಕೋಳಿ ಬಿಟ್ಟುಕೊಂಡು, ಮನೆಗೆ ಬಂದ ಬೀಗನಿಗೆ ಅವರೆಕಾಳು ಹಾಕುವುದೇ? ಮನುಷ್ಯರಾದವರು ಹಾಗೆ ಮಾಡುತ್ತಾರೆಯೇ? ಆ ಕೋಳಿಗಳಾದರೂ ಇರುವುದು ಯಾತಕ್ಕೆ? ಈ ಪ್ರಶ್ನೆಗಳನ್ನು ನುಂಗಲು ನನಗೆ ಎರಡು ಲೋಟ ನೀರು ಬೇಕಾಯಿತು. ಪಕ್ಕದಲ್ಲಿ ಭಾಗ್ಯ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅವಳ ಭುಜ ಮಾತ್ರ ಕುಣಿಯುತ್ತಿತ್ತು.

ಅವತ್ತೇ ಮದುವೆಯ ದಿನ ಗೊತ್ತಾಯಿತು. ಸುಮಾಳ ಮುಖ ಅರಳಿದ್ದನ್ನು ನೋಡಿ ನನ್ನ ಕಣ್ಣಲ್ಲೂ ನೀರು ಬಂತು. ಅದರಲ್ಲಿ ಒಂದು ಪಾಲು ಅವರೆಕಾಳಿನದು.

ವಾಪಸು ಬರುವಾಗ ಮಾದೇವ ಕಾರು ಓಡಿಸುತ್ತಾ ಒಂದು ದೊಡ್ಡ ತೇಗು ತೇಗಿದ. 'ಏನ್ ಎಸ್ರು ಸಾರ್! ನಾಟಿ ಕೋಳಿ ಅಂದ್ರೆ ಅದು. ಪಡಸಾಲೆಲಿ ಕೂರ್ಸಿ, ಬ್ಯಾಡ ಬ್ಯಾಡ ಅಂದ್ರೂ ಬುಡ್ದೆ ಬಡಿಸುದ್ರು. ನಾನ್ ಬರೀ ಡ್ರೈವರು, ನಂಗೇ ಅಷ್ಟು ಇಕ್ಕವ್ರೆ. ಇನ್ನು ನಿಮ್ಗೆ ಏನೇನ್ ಮಾಡಿದ್ರೋ!' ಎಂದ. ನಾನು ಕಿಟಕಿಯಿಂದಾಚೆ ಕಬ್ಬಿನ ಗದ್ದೆ ನೋಡಿದೆ.

ಮಂಡ್ಯ ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಒಂದು ಮಿಲಿಟ್ರಿ ಹೋಟೆಲು ಕಂಡಿತು. ತಲೆ ಸಿಡಿಯುತ್ತಿದೆ, ಒಂದು ಟೀ ಕುಡಿದು ಬರುತ್ತೇನೆ, ನೀವು ಇಳಿಯುವುದು ಬೇಡ ಎಂದು ಹೇಳಿ ಒಬ್ಬನೇ ಒಳಗೆ ಹೋದೆ. ಮೂಲೆಯ ಮೇಜು ಹಿಡಿದು, ನಾಟಿ ಕೋಳಿ ಸಾರು ಎಂದೆ.

'ಮಧ್ಯಾಹ್ನಕ್ಕೇ ಖಾಲಿ ಆಯ್ತು ಸಾರ್' ಎಂದ ಬಡಿಸುವವನು. 'ಮೊಟ್ಟೆ ಸಾರು ಅದೆ. ಕೊಡ್ಲಾ?'

ಕೊಡು ಎಂದೆ. ಅಂಗಡಿ ಮೊಟ್ಟೆ, ಪೇಲವ ಹಳದಿ. ತಟ್ಟೆ ಒರೆಸಿದಂತೆ ತಿಂದು, ಕೈ ತೊಳೆದು, ಕಾರಿಗೆ ಬಂದು ಕೂತೆ. ಭಾಗ್ಯ ನನ್ನ ಅಂಗಿಯ ಮೇಲೆ ಬಿದ್ದಿದ್ದ ಕಲೆಯನ್ನು ನೋಡಿದಳು.

'ಟೀ ಎಂಗಿತ್ರೀ?' ಎಂದು ಕೇಳಿದಳು.

'ಪರವಾಗಿಲ್ಲ' ಎಂದೆ. 'ಖಾರ ಒಂಚೂರು ಜಾಸ್ತಿ.'