ಅತ್ತೆಯವರ ಕಾಗದದ ಕೈ

ಮಾನ್ಯ ಓದುಗರೇ, ನೇರವಾಗಿಯೇ ಕೇಳುತ್ತೇನೆ: ನೀವು ಎಂದಾದರೂ ನಿಮ್ಮ ತಂದೆತಾಯಿಯರನ್ನು ವಿದ್ಯುತ್ ಕಂಬಕ್ಕೆ ಕಟ್ಟಿಹಾಕಿದ್ದೀರಾ?

ಸಿಟ್ಟಾಗಬೇಡಿ. ಊರಿನ ಯಾವ ತಿರುವಿನಲ್ಲಾದರೂ ನಿಂತು ತಲೆಯೆತ್ತಿ ನೋಡಿ. ಹುಟ್ಟುಹಬ್ಬವಿರಲಿ, ಗೃಹಪ್ರವೇಶವಿರಲಿ, ಮನೆಯ ಹಿರಿಯರನ್ನು ಫ್ಲೆಕ್ಸಿನ ಮೇಲೆ ಅಚ್ಚುಹಾಕಿಸಿ, ನಾಲ್ಕು ಮೂಲೆಗೆ ಹಗ್ಗ ಬಿಗಿದು, ಕಂಬಕ್ಕೇರಿಸುವುದನ್ನೇ ನಾವು ಗೌರವ ಎಂದು ಕರೆಯುತ್ತಿದ್ದೇವೆ. ಕೆಳಗೆ ‘ಶುಭ ಕೋರುವವರು’ ಎಂಬ ಶೀರ್ಷಿಕೆಯಡಿ ಕೈಮುಗಿದ ಭಾವಚಿತ್ರಗಳ ಸಾಲು ಬೇರೆ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಈ ಅನಿಷ್ಟ ಪದ್ಧತಿಯ ವಿರುದ್ಧ ಶಿವಮೊಗ್ಗದ ರವೀಂದ್ರನಗರದ ನಮ್ಮ ಬೀದಿಯಲ್ಲಿ ನಿರಂತರ ಹೋರಾಟ ನಡೆಸಿಕೊಂಡು ಬಂದಿದ್ದೇನೆ. ಬೀದಿಯವರ ಬೆಂಬಲವೂ ಇದೆ. ನನ್ನನ್ನು ಕಂಡೊಡನೆ ಅವರು ಗೇಟು ಹಾಕಿಕೊಂಡು, ಒಳಗಿನಿಂದಲೇ ಬೆಂಬಲಿಸುತ್ತಾರೆ.

ಹೀಗಿರುವಾಗ ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಅತ್ತೆ ಮಾವಂದಿರ ಮದುವೆಗೆ ಐವತ್ತು ವರ್ಷ ತುಂಬುವ ಶುಭಗಳಿಗೆ ಬಂತು. ಅಲ್ಲಿಯೇ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಗಿರೀಶ, ಅಂದರೆ ನನ್ನ ಹೆಂಡತಿ ಸುಜಾತಳ ತಮ್ಮ, ಫೋನು ಮಾಡಿದ.

“ಭಾವ, ಇಪ್ಪತ್ತಡಿ ಫ್ಲೆಕ್ಸ್ ಹೇಳ್ತಿದೀನಿ. ಮಧ್ಯ ಅಪ್ಪ ಅಮ್ಮ, ಹಿಂದೆ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ. ಹೆಂಗೆ?”

“ಗಿರೀಶ, ಈ ಪ್ರಸ್ತಾವವನ್ನು ನಾನು ಮೂರು ನೆಲೆಗಳಲ್ಲಿ ವಿರೋಧಿಸುತ್ತೇನೆ. ಮೊದಲನೆಯದಾಗಿ, ಪರಿಸರ. ಎರಡನೆಯದಾಗಿ, ಸಂಸ್ಕೃತಿ…”

ಮೂರನೆಯದಕ್ಕೆ ಬರುವಷ್ಟರಲ್ಲಿ ಫೋನು ಮಾವನವರ ಕೈಗೆ ದಾಟಿತ್ತು. “ಅಳಿಯಂದಿರೇ, ಊಟ ಆಯ್ತಾ?”

ಊಟವಾಗಿದೆಯೆಂದು ತಿಳಿಸಿ ಫೋನನ್ನು ಮತ್ತೆ ಗಿರೀಶನ ಕೈಗೆ ಕೊಡಿಸಿದೆ. ಖಂಡನೆ ಮಾಡುವವನು ಪರ್ಯಾಯವನ್ನೂ ಸೂಚಿಸಬೇಕು. ಇದು ಚರ್ಚೆಯ ಧರ್ಮ. ಸೂಚಿಸಿಯೇಬಿಟ್ಟೆ. “ಕೈಯಾರೆ ಮಾಡಿದ ಶುಭಾಶಯ ಪತ್ರ! ತೆರೆದೊಡನೆ ಅದರೊಳಗಿಂದ ಅಪ್ಪ ಅಮ್ಮ ಎದ್ದು ನಿಲ್ಲುತ್ತಾರೆ. ಅತ್ತೆಯವರು ಕೈಯೆತ್ತಿ ಮಾವನವರ ಕೊರಳಿಗೆ ಹಾರ ಹಾಕುತ್ತಾರೆ. ಹಿಂದೆ ಪದರ ಪದರವಾಗಿ ನಿಮ್ಮ ಮನೆ, ಭದ್ರಾ ಹೊಳೆ, ಸೇತುವೆ.”

“ನೀವು ಮಾಡ್ತೀರಾ?”

“ನಾನೇ!”

ಅಂಥದೊಂದನ್ನು ನಾನು ಜೀವಮಾನದಲ್ಲಿ ಮಾಡಿರಲಿಲ್ಲ. ಆದರೆ ಚರ್ಚಾಪಟುವಿಗೆ ಅನುಭವ ಬೇಕಿಲ್ಲ. ವಿಷಯದ ಪರವೋ ವಿರುದ್ಧವೋ ಎಂದು ಗೊತ್ತಿದ್ದರೆ ಸಾಕು.

ಗಿರೀಶ ವ್ಯಾಪಾರಿ. ಕರಾರಿಲ್ಲದೆ ಒಂದು ಮೊಳೆಯನ್ನೂ ಕೊಡುವವನಲ್ಲ. “ಆಯ್ತು ಭಾವ. ಫ್ಲೆಕ್ಸ್ ಬೇಡ, ನಿಮ್ಮ ಕಾರ್ಡೇ ಮುಂಬಾಗಿಲಲ್ಲಿ ಇಡೋಣ. ಜನ ಮೆಚ್ಚಿದ್ರೆ ಅಪ್ಪ ಅಮ್ಮನ್ನ ಯಾವತ್ತೂ ಫ್ಲೆಕ್ಸಿನ ಮಧ್ಯ ಹಾಕಲ್ಲ. ಆದ್ರೆ ಕಾರ್ಡು ಕೆಟ್ಟೋದ್ರೆ, ಮುಂದಿನ ಫ್ಲೆಕ್ಸ್ ನನ್ನಿಷ್ಟದ್ದು. ನೀವು ಅದರ ಬಗ್ಗೆ ಒಂದ್ಮಾತೂ ಆಡಂಗಿಲ್ಲ.”

“ಒಪ್ಪಿದೆ!”

ಸುಜಾತ ಒಗ್ಗರಣೆಯ ಸೌಟು ಹಿಡಿದೇ ಬಾಗಿಲಿಗೆ ಬಂದಳು. “ರೀ, ಮೊನ್ನೆ ಲೈಟ್ ಬಿಲ್ಲು ಮಡಚಕ್ಕೆ ಹೋಗಿ ಹರಿದ್ರಲ್ಲ, ಅವರೇ ತಾನೇ ನೀವು?”

ಸುಧಾರಕರಿಗೆ ಮೊದಲ ವಿರೋಧ ಮನೆಯಿಂದಲೇ ಬರುತ್ತದೆ ಎಂಬುದು ಸರ್ವವಿದಿತ. ನಾನು ಗಾಂಧಿ ಬಜಾರಿಗೆ ಹೋಗಿ ಬಣ್ಣದ ಡ್ರಾಯಿಂಗ್ ಶೀಟುಗಳನ್ನು ತಂದೆ.

ಹೊಳೆ ಸುಲಭವಾಗಿ ಬಂತು. ಸೇತುವೆಯೂ ಬಂತು. ಕಷ್ಟ ಬಂದದ್ದು ಮಾವನವರಿಂದ. ಪೇಟ ಸಮೇತ ಕತ್ತರಿಸಿ, ಅಂಟಿಸಿ, ಕಾರ್ಡು ಮಡಚಿದೆ. ಇಡೀ ಸಂಸಾರ ಒಳಗೆ ಮಲಗಿತು. ಮಾವನವರ ತಲೆ ಮಾತ್ರ ಹೊರಗೆ!

“ರೀ, ಅಪ್ಪ ಇಣುಕ್ತಿದಾರೆ,” ಎಂದಳು ಸುಜಾತ.

“ಪೇಟವನ್ನು ಕೊಂಚ ಕತ್ತರಿಸಿದರೆ ಸರಿಹೋಗುತ್ತದೆ.”

“ಐವತ್ತನೇ ವರ್ಷಕ್ಕೆ ಅಪ್ಪನ ತಲೆಗೆ ಕತ್ತರಿ ಹಾಕಿದೀರಾ, ಜೋಕೆ!”

ಅವಳ ಮಾತಿನಲ್ಲಿ ತರ್ಕವಿಲ್ಲದಿದ್ದರೂ ಕೈಯಲ್ಲಿ ಸೌಟಿತ್ತು. ಕತ್ತರಿಯನ್ನು ಕೆಳಗಿಟ್ಟು, ಕಾರ್ಡನ್ನೇ ದೊಡ್ಡದು ಮಾಡಿದೆ. ದೊಡ್ಡ ಕಾರ್ಡಿನಲ್ಲಿ ಮಾವನವರು ಕುಳ್ಳಗೆ ಕಂಡರು. ಅವರನ್ನು ಉದ್ದ ಮಾಡಿದೆ. ತಲೆ ಮತ್ತೆ ಹೊರಗೆ ಬಂತು. ಮತ್ತೆ ಕಾರ್ಡು ದೊಡ್ಡದಾಯಿತು. ಹೀಗೆ ಮಾವನವರೂ ಕಾರ್ಡೂ ಪೈಪೋಟಿಯಲ್ಲಿ ಬೆಳೆಯುತ್ತ ಹೋಗಿ, ಕೊನೆಗೆ ಕೇರಂ ಬೋರ್ಡಿನ ಗಾತ್ರದಲ್ಲಿ ರಾಜಿಯಾದರು.

ಈಗ ಅಂಟಿನ ಪ್ರಶ್ನೆ. ಅಂಗಡಿಯ ಗೋಂದು ಬರುವುದು ಪ್ಲಾಸ್ಟಿಕ್ ಬಾಟಲಿಯಲ್ಲಿ. ಪ್ಲಾಸ್ಟಿಕ್ಕನ್ನು ವಿರೋಧಿಸುವ ಪತ್ರವನ್ನು ಪ್ಲಾಸ್ಟಿಕ್ಕಿನಿಂದ ಸುರಿದ ಗೋಂದಿನಲ್ಲಿ ಅಂಟಿಸುವುದೇ? ಮೈದಾ ಕುದಿಸಿ ನಾನೇ ಅಂಟು ತಯಾರಿಸಿದೆ. ಅದರಿಂದ ಹೊಳೆ ನಿಂತಿತು, ಮಾವನವರು ನಿಲ್ಲಲಿಲ್ಲ. ಆಗ ನನಗೆ ಹೊಳೆಯಿತು: ಚಿಕ್ಕಿಯಲ್ಲಿ ಅಷ್ಟೊಂದು ಕಡಲೆಬೀಜವನ್ನು ಬಿಗಿಹಿಡಿಯುವ ಬೆಲ್ಲದ ಪಾಕ, ನನ್ನ ಒಬ್ಬ ಮಾವನವರನ್ನು ಹಿಡಿಯಲಾರದೇ?

“ಅಂಟಿಗೆ ಬೆಲ್ಲ ಯಾರಾದ್ರೂ ಹಾಕ್ತಾರೇನ್ರೀ?” ಸುಜಾತ ಹಣೆ ಚಚ್ಚಿಕೊಂಡಳು. “ನಮ್ಮಜ್ಜ ಪುಸ್ತಕಕ್ಕೆ ರಟ್ಟು ಹಾಕುವಾಗ ಮೈದಾಗೆ ಚೂರು ಮೈಲುತುತ್ತ ಹಾಕೋರು. ಹುಳ ಹುಪ್ಪಟೆ ಹತ್ರ ಬರ್ತಿರ್ಲಿಲ್ಲ.”

“ಮೈಲುತುತ್ತ ವಿಷ, ಸುಜಾತ. ಶುಭಾಶಯದಲ್ಲಿ ವಿಷ ಬೆರೆಸಲು ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ.”

“ಸರಿ ಮಾರಾಯ್ರೇ. ಹಂಗಾದ್ರೆ ಎರಡು ಏಲಕ್ಕೀನೂ ಕುಟ್ಟಿ ಹಾಕಿ.”

ವ್ಯಂಗ್ಯವನ್ನು ನಿರ್ಲಕ್ಷಿಸಿದೆ. ಬೆಲ್ಲ ತನ್ನ ಕೆಲಸ ಮಾಡಿತು. ಅತ್ತೆಯವರ ಕೈಗೆ ಹಿಂದಿನಿಂದ ದಪ್ಪ ರಟ್ಟಿನ ಪಟ್ಟಿಯೊಂದನ್ನು ಕೊಟ್ಟಿದ್ದೆ. ಕಾರ್ಡು ತೆರೆದರೆ ಸಾಕು, ಆ ಪಟ್ಟಿ ಸೆಟೆದು ಕೈಯನ್ನು ಮೇಲೆತ್ತುವುದು. ಕೈಗೆ ಅಂಟಿಸಿದ್ದ ಕಾಗದದ ಹೂವಿನ ಹಾರ ಭಾರವಾಗಿದ್ದುದರಿಂದ ಅದು ಗಾಂಭೀರ್ಯದಿಂದ ನಿಧಾನವಾಗಿ ಏಳುತ್ತಿತ್ತು. ಹಾರ ಸರಿಯಾಗಿ ಮಾವನವರ ಕೊರಳ ಬಳಿ ಬಂದು ನಿಲ್ಲುತ್ತಿತ್ತು. ಸುಜಾತ ಅದನ್ನು ಎರಡು ಸಲ ತೆರೆದು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ಚೆನ್ನಾಗಿದೆ ಕಣ್ರೀ. ಅಮ್ಮನ ಮೂಗು ಹಂಗೇ ಬಂದಿದೆ,” ಎಂದಳು. ನನ್ನ ಸಾರ್ವಜನಿಕ ಜೀವನದಲ್ಲಿ ದೊರೆತ ಮೊದಲ ನಿಜವಾದ ಚಪ್ಪಾಳೆ ಅದು.

ಕಾರ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅಡುಗೆಮನೆಯ ಕಪಾಟಿನ ಮೇಲಿಟ್ಟೆ. ಬೇರೆಲ್ಲೂ ಅದು ಹಿಡಿಸುತ್ತಿರಲಿಲ್ಲ.

ಸಮಾರಂಭದ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆವು. ಕಂಡಕ್ಟರು ನನ್ನ ತೊಡೆಯ ಮೇಲಿನ ಕಟ್ಟನ್ನು ನೋಡಿ, “ಸಾರ್, ಕಿಟಕಿ ಕಿತ್ಕೊಂಡು ಹೋಗ್ತಿದೀರಾ?” ಎಂದ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತಿಗೆ ಮೊಣಕಾಲು ಕೆರೆದುಕೊಂಡರು. ಆಮೇಲೆ ತೊಡೆ ಕೆರೆದುಕೊಂಡರು. ಆಮೇಲೆ ಎದ್ದು ಹೋಗಿ ಬೇರೆ ಸೀಟು ಹಿಡಿದರು. ಸಾರಿಗೆ ವ್ಯವಸ್ಥೆಯ ಸ್ವಚ್ಛತೆಯ ಕುರಿತು ಸಂಬಂಧಪಟ್ಟವರಿಗೆ ಒಂದು ಮನವಿ ಬರೆಯಬೇಕೆಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಜನ್ನಾಪುರದ ಮನೆಯ ಮುಂದೆ ಶಾಮಿಯಾನ, ನೆಂಟರಿಷ್ಟರು, ಮಾವನವರ ಕಾರ್ಖಾನೆಯ ಹಳೆಯ ಗೆಳೆಯರು. ಫ್ಲೆಕ್ಸ್ ಇರಲಿಲ್ಲ! ಆದರೆ ಕಂಬಕ್ಕೆ ಹಗ್ಗ ಆಗಲೇ ಸುತ್ತಿತ್ತು. “ಸುಮ್ನೆ, ಇರ್ಲಿ ಅಂತ,” ಎಂದು ಗಿರೀಶ ಹಲ್ಲು ಕಿರಿದ.

ಮುಂಬಾಗಿಲ ಮೇಜಿನ ಮೇಲೆ ಕಾರ್ಡಿಟ್ಟು ನಾನು ಪೀಠಿಕೆ ಆರಂಭಿಸಿದೆ. “ಸಭ್ಯರೇ, ಪ್ಲಾಸ್ಟಿಕ್ಕು ಬಾಯಲ್ಲಿ ಶುಭ ಕೋರುತ್ತದೆ, ಕೈಯಿಂದ ಮಾಡಿದ್ದು ಹೃದಯದಿಂದ…”

“ರೀ, ಪಾಯಸ ಆರ್ತಿದೆ,” ಎಂದಳು ಸುಜಾತ.

ಮಾವನವರು ಹೊಸ ರೇಷ್ಮೆ ಪಂಚೆಯಲ್ಲಿ ಮುಂದೆ ಬಂದು, ಕಾರ್ಡನ್ನು ಎರಡೂ ಕೈಯಿಂದ ಹಿಡಿದು ತೆರೆದರು. ಹೊಳೆ ಎದ್ದಿತು. ಸೇತುವೆ ಎದ್ದಿತು. ಮನೆ ಎದ್ದಿತು. ದಂಪತಿಗಳು ಎದ್ದು ನಿಂತರು! “ಅಬ್ಬಬ್ಬಾ!” ಎಂದಿತು ಶಾಮಿಯಾನ. ನಾನು ಗಿರೀಶನ ಕಡೆ ನೋಡಿದೆ. ಅವನು ಹಗ್ಗದ ಕಡೆ ನೋಡಿದ.

ಅಷ್ಟರಲ್ಲಿ ಹಾರ ಕಳಚಿ ಕೆಳಗೆ ಬಿತ್ತು.

ಬೆಲ್ಲವನ್ನು ಹುಡುಕಿ ಬಂದಿದ್ದ ಇರುವೆಗಳು ಹಾರ ಹಿಡಿದಿದ್ದ ಅಂಟನ್ನು ಪೂರ್ತಿಯಾಗಿ ಊಟ ಮಾಡಿ ಮುಗಿಸಿದ್ದವು. ಭಾರ ಕಳೆದುಕೊಂಡ ಅತ್ತೆಯವರ ಕೈ ದಪ್ಪ ರಟ್ಟಿನ ಪೂರ್ಣ ಬಲದೊಂದಿಗೆ ಮೇಲಕ್ಕೆ ಚಿಮ್ಮಿ, ಕಾಗದದ ಮಾವನವರ ಕೆನ್ನೆಗೆ ಬಿತ್ತು. ಚಟ್!

ಮದುವೆಯ ಐವತ್ತನೆಯ ವರ್ಷದ ಶುಭ ಸಮಾರಂಭದಲ್ಲಿ, ಬಂಧುಮಿತ್ರರ ಸಮಕ್ಷಮದಲ್ಲಿ, ಹೆಂಡತಿ ಗಂಡನ ಕಪಾಳಕ್ಕೆ ಬಾರಿಸಿದ್ದಳು. ಸುಜಾತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಬಸ್ಸಿನ ವೇಳೆಯನ್ನು ನೆನಪಿಸಿಕೊಳ್ಳುತ್ತಿದ್ದೆ.

ಮೊದಲು ನಕ್ಕವರು ಅತ್ತೆಯವರು. “ಐವತ್ತು ವರ್ಷದಿಂದ ಕೈ ತುರಿಸ್ತಿತ್ತು! ಅಳಿಯಂದ್ರು ಇವತ್ತು ಆಸೆ ತೀರಿಸಿದ್ರು. ರೀ, ಮುಚ್ಚಿ, ಇನ್ನೊಂದ್ಸಲ ತೆಗೀರಿ!”

“ಏನು ಇನ್ನೊಂದ್ಸಲ? ಕೆನ್ನೆ ನಂದು ಕಣೇ!” ಎಂದು ಗುಡುಗಿದ ಮಾವನವರು ಇದ್ದಕ್ಕಿದ್ದಂತೆ ಒಂಟಿಕಾಲಿನಲ್ಲಿ ನೆಗೆದರು. ಮರುಗಳಿಗೆ ಇನ್ನೊಂದು ಕಾಲಿನಲ್ಲಿ ನೆಗೆದರು. ಸೇತುವೆಯ ಮೇಲಿಂದ ಕೆಂಪಿರುವೆಗಳ ಸಾಲು ಶಿಸ್ತಾಗಿ ಇಳಿದು ಅವರ ರೇಷ್ಮೆ ಪಂಚೆಯನ್ನು ಪ್ರವೇಶಿಸಿತ್ತು.

“ಅಯ್ಯೋ, ಎರುಂಬು! ಎರುಂಬು!” ಎಂದು ಪಕ್ಕದ ಮನೆಯ ಸೆಲ್ವಿಯಕ್ಕ ತಮಿಳಿನಲ್ಲಿ ಇರುವೆಯ ಹೆಸರು ಕೂಗಿಕೊಂಡು ಪೊರಕೆ ತಂದು ಮಾವನವರನ್ನು ಗುಡಿಸತೊಡಗಿದರು. ತಮ್ಮ ಮದುವೆಯ ಮೆರವಣಿಗೆಯಲ್ಲೂ ಕುಣಿಯದ ಮಾವನವರು ಅಂದು ಕುಣಿದದ್ದನ್ನು ಕಂಡು ಅವರ ಗೆಳೆಯರು ಶಿಳ್ಳೆ ಹೊಡೆದರು.

ಇರುವೆ ಕೊಡವಿದ ಮೇಲೆ ಕಾರ್ಡಿನ ಮುಂದೆ ಸಾಲು ನಿಂತಿತು. ಒಬ್ಬೊಬ್ಬರಾಗಿ ಬಂದು ತೆರೆದರು, ಏಟು ನೋಡಿದರು, ನಕ್ಕರು, ಮುಚ್ಚಿದರು. ಕೆಲವು ಹೆಂಗಸರು ಸಾಲಿನಲ್ಲಿ ಎರಡನೆಯ ಸಲವೂ ಬಂದರು.

“ಗಿರೀಶ!” ನಾನು ಎದೆಯುಬ್ಬಿಸಿ ಹೇಳಿದೆ. “ಜನ ಮೆಚ್ಚಿದ್ದಾರೆ. ಇದು ನಿರ್ವಿವಾದ!”

“ಮೆಚ್ಚಿದ್ರು ಭಾವ, ಒಪ್ತೀನಿ. ಕಾರ್ಡೂ ಕೆಟ್ಟೋಯ್ತು, ನೀವೂ ಒಪ್ಕೊಳ್ಳಿ. ಕರಾರಿನ ಎರಡೂ ಮಾತು ನಡೆಸ್ತೀನಿ, ಬಿಡಿ.”

ಅವನ ತರ್ಕದಲ್ಲಿ ನನಗೆ ಒಂದೇ ಒಂದು ದೋಷವೂ ಸಿಗಲಿಲ್ಲ. ಚರ್ಚಾಪಟುವಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಮುಂದಿನ ಭಾನುವಾರ ಮಾವನವರ ಕಾಲಿನ ಗುಳ್ಳೆಗಳನ್ನು ವಿಚಾರಿಸಲು ಹೋದೆವು. ಜನ್ನಾಪುರದ ತಿರುವಿನಲ್ಲಿ ಬಸ್ಸಿಳಿದು ತಲೆಯೆತ್ತಿದೆ. ಗಿರೀಶ ಕೊಟ್ಟ ಮಾತಿಗೆ ತಪ್ಪದವನು. ಫ್ಲೆಕ್ಸಿನ ನಡುವೆ ಅಪ್ಪ ಅಮ್ಮನನ್ನು ಹಾಕಿರಲಿಲ್ಲ. ನನ್ನನ್ನು ಹಾಕಿದ್ದ!

ಇಪ್ಪತ್ತಡಿ. ‘ಪರಿಸರಪ್ರೇಮಿ, ಮಹಾ ವಾಗ್ಮಿ, ನಮ್ಮ ಭಾವನವರಿಗೆ ಹಾರ್ದಿಕ ಅಭಿನಂದನೆಗಳು.’ ಹಿಂದೆ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ. ಮುಂದೆ, ಪೀಠಿಕೆಯ ನಡುವೆ ಬಾಯಿ ತೆರೆದಿರುವ ನಾನು. ಪಕ್ಕದಿಂದ ಅತ್ತೆಯವರ ಕಾಗದದ ಕೈ ನನ್ನ ಕೆನ್ನೆಯನ್ನೇ ಗುರಿಯಿಟ್ಟು ಎದ್ದಿತ್ತು. ಕೆಳಗೆ ‘ಶುಭ ಕೋರುವವರು’: ಮಾವನವರು, ಅತ್ತೆಯವರು, ಗಿರೀಶ. ನಾಲ್ಕನೆಯ ಚಿತ್ರದಲ್ಲಿ ಕೈಮುಗಿದು ನಿಂತಿದ್ದವಳು ಸುಜಾತ.

“ನೀನೂ?” ಎಂದೆ.

“ಫೋಟೋ ಕೇಳ್ದ, ಕೊಟ್ಟೆ,” ಎಂದಳು, ಸೀರೆ ಸರಿಮಾಡಿಕೊಳ್ಳುತ್ತ. “ನಂದು ಚೆನ್ನಾಗಿ ಬಂದಿದೆ ಅಲ್ವಾ?”

ಫ್ಲೆಕ್ಸಿನ ದುಷ್ಪರಿಣಾಮಗಳನ್ನು ವಿವರಿಸಲು ಬಾಯಿ ತೆರೆದೆ. ಕರಾರು ನೆನಪಾಯಿತು. ಮುಚ್ಚಿದೆ. ಮೇಲಿದ್ದವನು ಮುಚ್ಚಲಿಲ್ಲ.

ಮಾತಾಡಬಾರದೆಂಬುದು ಕರಾರು, ಬರೆಯಬಾರದೆಂದು ಅದರಲ್ಲಿಲ್ಲ. ಆದ್ದರಿಂದ ಬರೆದು ವಿನಂತಿಸುತ್ತೇನೆ. ನಿಮ್ಮ ಮನೆಯ ಹಿರಿಯರಿಗೆ ಒಂದು ಶುಭಾಶಯ ಪತ್ರವನ್ನು ನಿಮ್ಮ ಕೈಯಾರೆ ಮಾಡಿಕೊಡಿ; ಅಂಟಿಗೆ ಬೆಲ್ಲ ಹಾಕಬೇಡಿ. ಜನ್ನಾಪುರದ ಮೇಲೆ ಬಸ್ಸಿನಲ್ಲಿ ಹೋಗುವವರು, ಆ ತಿರುವು ಬಂದಾಗ, ದಯವಿಟ್ಟು ಇನ್ನೊಂದು ಬದಿಯ ಕಿಟಕಿಯಿಂದ ನೋಡಿ.