ಬೆಲ್ಲದ ಬಟ್ಟೆಗೊಂದು ಸರ್ಟಿಫಿಕೇಟು

ನಗಬಾರದ ಕಡೆ ನಗುವುದು ನನ್ನ ಹಳೆಯ ರೋಗ. ಮದುವೆಯಲ್ಲಿ ಮಾವನವರು ಕಾಲು ತೊಳೆಯುವಾಗ ಕಚಗುಳಿ ತಡೆಯಲಾರದೆ ಗಹಗಹಿಸಿ ನಕ್ಕಿದ್ದೆ. ಗಡಹಿಂಗ್ಲಜದ ಆ ಮನೆಯವರ ಮುನಿಸು ಇಳಿಯಲು ಎರಡು ದೀಪಾವಳಿ ಬೇಕಾದವು. ಆದರೂ ಬುದ್ಧಿ ಬರಲಿಲ್ಲ. ಹೋದ ವರ್ಷ ಕೊಲ್ಹಾಪುರದ ಬೆಲ್ಲದ ವ್ಯಾಪಾರಿಯೊಬ್ಬರು ಫೋನು ಮಾಡಿ, “ನಿಮ್ಮ ಮಗ್ಗದ ಅರಿವಿಗೆ ಆಹಾರ ಸುರಕ್ಷತಾ ಸರ್ಟಿಫಿಕೇಟ್ ಐತೇನ್ರಿ?” ಎಂದು ಕೇಳಿದಾಗ ಮತ್ತೆ ನಕ್ಕುಬಿಟ್ಟೆ. ಅಷ್ಟಕ್ಕೇ ಬಿಡಬೇಕಿತ್ತು. “ಸಾಹೇಬ್ರ, ನಾವು ಅರಿವಿ ನೇಯೋ ಮಂದಿ. ಅರಿವಿ ಯಾರು ತಿಂತಾರ್ರಿ?” ಎಂದೂ ಸೇರಿಸಿದೆ. ಆ ಕಡೆಯಿಂದ ನಗು ಕೇಳಲಿಲ್ಲ. ಫೋನು ಇಟ್ಟ ಸದ್ದು ಮಾತ್ರ ಕೇಳಿತು.

ನಾನು ಇಚಲಕರಂಜಿಯ ಶಹಾಪುರದಲ್ಲಿ ನೇಮಣ್ಣ ಸೇಠರ ಮಗ್ಗದ ಶೆಡ್ಡಿನಲ್ಲಿ ಸೂಪರ್‌ವೈಜರ್. ನಮ್ಮ ಕಡೆ ಕುದಿದ ಬೆಲ್ಲದ ಪಾಕವನ್ನು ಅಚ್ಚಿಗೆ ಹಾಕುವ ಮುಂಚೆ ಒಳಗೆ ಒಂದು ಬಿಳಿ ಬಟ್ಟೆ ಹಾಸುತ್ತಾರೆ, ಬೆಲ್ಲ ಅಂಟದೆ ಇಡಿಯಾಗಿ ಹೊರಗೆ ಬರಲಿ ಎಂದು. ಆ ಬಟ್ಟೆ ನಮ್ಮದು. ಬೇರೆ ಬಟ್ಟೆಗೆ ಗಿರಾಕಿಗಳಿಲ್ಲದೆ ಅರ್ಧ ಮಗ್ಗಗಳು ಆಗಲೇ ಬಾಯಿ ಮುಚ್ಚಿಕೊಂಡಿದ್ದವು. ಉಳಿದ ಆರು ಮಗ್ಗಗಳು ಈ ಒಬ್ಬ ವ್ಯಾಪಾರಿಯನ್ನೇ ನಂಬಿ ಖಟಖಟ ಎನ್ನುತ್ತಿದ್ದವು. ನಾನು ನಕ್ಕ ಸುದ್ದಿ ಸಂಜೆಯೊಳಗೆ ಸೇಠರಿಗೆ ಮುಟ್ಟಿತು. ಅವರು ಬೈಯುವ ಮನುಷ್ಯರಲ್ಲ, ಅದೇ ಕಷ್ಟ. “ಬಸಣ್ಣಾ, ನಗೂದು ಮುಗದಿದ್ರ ನಾಳೆ ಕೊಲ್ಹಾಪುರಕ್ಕ ಹೋಗಿ ಬಾ. ಈ ಆರ್ಡರ್ ಹೋತಂದ್ರ ಮಗ್ಗ ಮೋಡಕಾದವ್ಗ ಕೊಟ್ಟು ನಾ ಹೊಲಕ್ಕ ಹೊಕ್ಕೇನಿ. ನೀ ಎಲ್ಲಿಗಿ ಹೋಗ್ತಿ ನೋಡ್ಕೋ” ಎಂದರು. ಗುಜರಿಯವನ ಹೆಸರು ಕೇಳಿದ ಮೇಲೆ ನಗು ತಾನಾಗಿ ನಿಂತಿತು.

ಕೊಲ್ಹಾಪುರದಲ್ಲಿ ಇಂಥ ಕಾಗದಪತ್ರಗಳಿಗೆ ದಾರಿ ತೋರಿಸುವ ಒಬ್ಬ ಮೇಡಂ ಇದ್ದರು. ನನ್ನ ಹೆಂಡತಿಯ ಊರಿನವರೇ ಆದ್ದರಿಂದ ಕನ್ನಡದಲ್ಲಿ ಬೈಯುವ ಅನುಕೂಲವಿತ್ತು. ನಾನು ಕುರ್ಚಿಯಲ್ಲಿ ಕೂತವನೇ, “ಇದು ತಿನ್ನೋ ಸಾಮಾನು ಮಾಡಾವ್ರಿಗೆ ಅಲ್ಲೇನ್ರಿ?” ಎಂದೆ.

“ಅವ್ರಿಗಷ್ಟ ಅಲ್ರಿ. ಕಬ್ಬು ಬೆಳ್ಯಾವ್ರು ಇದರಾಗ ಬರ್ತಾರ, ಗಾಣದವ್ರು ಬರ್ತಾರ, ಅಂಗಡಿ, ಖಾನಾವಳಿ ಎಲ್ಲಾ ಬರ್ತಾವ.”

“ಲಾರಿ?”

“ಬರ್ತೈತ್ರಿ. ಗೋದಾಮೂ ಬರ್ತೈತಿ.”

“ಎಮ್ಮಿಗಿ ಹಿಂಡಿ ಮಾಡಾವ್ರು?” ಈಗ ಸೋಲಿಸಿದೆ ಎಂದುಕೊಂಡೆ.

“ಎಮ್ಮಿ ತಿಂದದ್ದು ಹಾಲಿಗಿ ಬರೂದಿಲ್ಲೇನ್ರಿ? ಡಬ್ಬಿ ಮಾಡಾವ್ರು, ಚೀಲಾ ಮಾಡಾವ್ರು, ಅಡಗಿ ಮಶೀನ್ ಮಾಡಾವ್ರು, ಆ ಮಶೀನ್ ತೊಳಿಯೋ ಸೋಪಿನವ್ರು, ಇಲಿ-ಜಿರಳಿಗಿ ಔಷಧ ಹೊಡ್ಯಾವ್ರು, ಎಲ್ಲಾರೂ ತಗೋಬೌದ್ರಿ. ನಿಮ್ಮ ಅರಿವಿ ಅಂತೂ ಬಿಸಿ ಬೆಲ್ಲದ ಮೈಗೇ ಹತ್ತತೈತಿ.”

“ಹಂಗಾರ ಇದರಾಗ ಬರಲಾರದಾವ್ರು ಯಾರ್ರಿ?”

“ಮನ್ಯಾಗ ಅಡಗಿ ಮಾಡ್ಕೊಂಡು ಉಣ್ಣಾವ್ರು” ಎಂದು ಮೇಡಂ ಒಂದು ದಪ್ಪ ಫೈಲನ್ನು ನನ್ನ ಕಡೆ ತಳ್ಳಿದರು.

ಮರಳುವ ಬಸ್ಸಿನಲ್ಲಿ ನನಗೆ ಜಗತ್ತೇ ಬೇರೆಯಾಗಿ ಕಂಡಿತು. ಕಿಟಕಿಯ ಹೊರಗೆ ಹಾಲಿನ ಕ್ಯಾನು ಹೊತ್ತ ಮೋಟಾರ್‌ಸೈಕಲ್ಲು, ಕರ್ಕಶವಾಗಿ ಹಾಡು ಹಚ್ಚಿಕೊಂಡ ಕಬ್ಬಿನ ಟ್ರ್ಯಾಕ್ಟರು, ಬರ್ಫದ ಗಾಡಿ, ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೊರಟಿದ್ದವು. ಪಕ್ಕದಲ್ಲಿ ಕೂತ ಮುದುಕ ಕಾಗದದ ಪೊಟ್ಟಣ ಬಿಚ್ಚಿ, “ಭಡಂಗ ತಗೋರಿ” ಎಂದು ಖಾರದ ಚುರುಮುರಿ ಮುಂದೆ ಹಿಡಿದ. ನಾನು ಆ ಕಾಗದ ಎಲ್ಲಿ ತಯಾರಾದದ್ದು, ಶಾಯಿ ಯಾವುದು ಎಂದು ವಿಚಾರಿಸತೊಡಗಿದೆ. ಅವನು ಪೊಟ್ಟಣ ಮಡಚಿಕೊಂಡು ಹಿಂದಿನ ಸೀಟಿಗೆ ಎದ್ದು ಹೋದ. ಮನೆಯಲ್ಲೂ ಸುಮ್ಮನಿರಲಿಲ್ಲ. ರೊಟ್ಟಿಯ ಬುಟ್ಟಿಗೆ ಹಾಸಿದ ಅರಿವೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಹೆಂಡತಿ ಶೋಭಾ, “ಮನೀಗಿ ಸರ್ಟಿಫಿಕೇಟ್ ಬ್ಯಾಡಂತ ಮೇಡಂ ಹೇಳ್ಯಾರಲ್ಲ, ಸುಮ್ನ ಉಣ್ರಿ” ಎಂದು ಬುಟ್ಟಿಯನ್ನೇ ಎತ್ತಿಕೊಂಡು ಹೋದಳು.

ಮೂರು ತಿಂಗಳು ನಾನು ಶೆಡ್ಡಿನ ಗೋಡೆಗಳನ್ನೆಲ್ಲ ನಿಯಮಗಳಿಂದ ತುಂಬಿಸಿದೆ. ಉಗುಳಬಾರದು, ತಿನ್ನಬಾರದು, ಬಳೆ ಹಾಕಬಾರದು, ತಲೆಗೂದಲು ಕಾಣಬಾರದು. ಕನ್ನಡದಲ್ಲೊಂದು ಪ್ರತಿ, ಮರಾಠಿಯಲ್ಲೊಂದು ಪ್ರತಿ. ಓದಲು ಬಾರದವರಿಗೆ ನಾನೇ ದಿನಾ ಓದಿ ಹೇಳುತ್ತಿದ್ದೆ. ಬಟ್ಟೆಯ ಅಂಚು ಹೊಲಿಯುವ ಕಲ್ಲವ್ವ, ಗೋಕಾಕದ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಹಿರಿಯಳು, ಒಂದು ದಿನ ಬೇಸತ್ತು, “ಬಸಣ್ಣಾರ, ನೀವು ಓದೂದು ಬಿಟ್ರ ನಾವು ಕೆಲಸರ ಮಾಡ್ತೇವ್ರಿ” ಎಂದಳು.

ಸರ್ಟಿಫಿಕೇಟಿನ ಪರೀಕ್ಷೆಯ ದಿನ ಪುಣೆಯಿಂದ ಒಬ್ಬ ಸಣಕಲು ಸಾಹೇಬರು ಬಂದರು. ಮೆದು ಮಾತು, ಮರಾಠಿ ಮಾತ್ರ. ಫೈಲು ತಿರುವಿದರು, ತಲೆಯಾಡಿಸಿದರು. ಆಮೇಲೆ ಸುಮ್ಮನೆ ಕೇಳಿದಂತೆ, “ಹೊಲಿಯುವಾಗ ಸೂಜಿ ಮುರಿದರೆ ಏನು ಮಾಡುತ್ತೀರಿ?” ಎಂದು ನನ್ನನ್ನು ಕೇಳಿದರು. ನಾನೇ ಬರೆದ ನಿಯಮ. ಹದಿನಾಲ್ಕನೆಯದೋ ಹದಿನೈದನೆಯದೋ ಎಂದು ಎಣಿಸುತ್ತ ನಿಂತೆನೇ ಹೊರತು ಒಳಗಿನ ಮಾತು ನೆನಪಾಗಲಿಲ್ಲ. “ಹೊಸಾ ಸೂಜಿ ಹಾಕ್ತೇವಿ” ಎಂದು ಮರಾಠಿಯಲ್ಲಿ ಒದರಿದೆ. ನೇಮಣ್ಣ ಸೇಠರು ಕಣ್ಣು ಮುಚ್ಚಿಕೊಂಡರು.

ಆಗ ಕಲ್ಲವ್ವ ಮಶೀನು ನಿಲ್ಲಿಸಿ ಎದ್ದಳು. ತನ್ನ ಮುರುಕು ಮರಾಠಿಗೆ ಕನ್ನಡದ ತೇಪೆ ಹಚ್ಚುತ್ತ ವಿವರಿಸಿದಳು: ಮುರಿದ ಚೂರುಗಳನ್ನೆಲ್ಲ ಹುಡುಕಿ ಜೋಡಿಸಿ ನೋಡುತ್ತಾಳೆ, ಒಂದು ಚೂರು ಸಿಗದಿದ್ದರೂ ಅಲ್ಲಿಯವರೆಗೆ ಹೊಲಿದ ಬಟ್ಟೆಯ ಗಂಟನ್ನೆಲ್ಲ ಬೇರೆ ಇಡುತ್ತಾಳೆ. ಹಾಗೆ ಇಟ್ಟ ಗಂಟೊಂದನ್ನು ಮೂಲೆಯಿಂದ ಎಳೆದು ತೋರಿಸಿದಳು. ಅದು ಅಲ್ಲಿರುವುದೇ ನನಗೆ ಗೊತ್ತಿರಲಿಲ್ಲ. ಇದನ್ನು ಯಾರು ಕಲಿಸಿದರು ಎಂದು ಸಾಹೇಬರು ಕೇಳಿದರು. ನಾನು ಎದೆ ಸ್ವಲ್ಪ ಮುಂದೆ ಮಾಡಿದೆ.

“ಯಾರ ಕಲಸಬೇಕ್ರಿ? ಬೆಲ್ಲಾ ಸಣ್ಣ ಹುಡುಗೂರು ತಿಂತಾವಲ್ರಿ” ಎಂದಳು ಕಲ್ಲವ್ವ. ಅವಸರದಲ್ಲಿ ಅಚ್ಚ ಕನ್ನಡದಲ್ಲೇ ಹೇಳಿದ್ದಳು. ಸೇಠರು ಅದನ್ನು ಮರಾಠಿಯಲ್ಲಿ ಹೇಳಿದರು. ಸಾಹೇಬರು ಪೆನ್ನು ತೆಗೆದು ಬರೆದುಕೊಂಡರು. ಆಮೇಲೆ ನನ್ನ ಹತ್ತಿರ ಬಂದು, ಮುಖವನ್ನು ಒಂದು ನಿಮಿಷ ನೋಡಿ, “ಮೀಸೆ ಚೆನ್ನಾಗಿದೆ. ಆದರೆ ಅದೂ ಕೂದಲೇ ಅಲ್ಲವೇ? ಮುಚ್ಚಬೇಕು” ಎಂದರು. ಇಡೀ ಶೆಡ್ಡಿನಲ್ಲಿ ಅವರಿಗೆ ಸಿಕ್ಕ ಕೊರತೆ ಅದೊಂದೇ.

ಸರ್ಟಿಫಿಕೇಟು ಬಂತು, ಆರ್ಡರು ಉಳಿಯಿತು, ಬಾಯಿ ಮುಚ್ಚಿದ್ದ ಮಗ್ಗಗಳಲ್ಲೂ ಎರಡು ಮಾತಾಡತೊಡಗಿವೆ. ತಪಾಸಣೆಯ ಜವಾಬ್ದಾರಿಯನ್ನು ಸೇಠರು ಕಲ್ಲವ್ವನಿಗೆ ಒಪ್ಪಿಸಿದರು. ದಿನಾ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿ ಒಳಗೆ ಬಿಡುತ್ತಾಳೆ. ನಾನು ಮೀಸೆಗೆ ಬಲೆ ಕಟ್ಟಿಕೊಂಡು ಎರಡು ದಿನ ಕಳೆದೆ. ಶೋಭಾ ನಕ್ಕ ನಗುವಿಗೆ ಹೆದರಿ ಮೂರನೆಯ ದಿನ ಬೋಳಿಸಿದೆ. ಮೊನ್ನೆ ಸೋಮವಾರ ಕಲ್ಲವ್ವ ನನ್ನನ್ನು ಬಾಗಿಲಲ್ಲೇ ತಡೆದಳು. “ಬಸಣ್ಣಾರ, ಮೀಸಿ ಚಿಗರಾಕತ್ತೇತ್ರಿ. ಜಾಳಿಗಿ ಹಾಕೋರಿ, ಇಲ್ಲಾ ಬೋಳಿಸ್ಕೊಂಡ ಬರ್ರಿ.”

ಹೊರಳಿ ನಡೆದೆ. ರಸ್ತೆಯಲ್ಲಿ ಸೇಠರು ಸ್ಕೂಟರು ನಿಲ್ಲಿಸಿ, ಕೆಲಸದ ಹೊತ್ತಿನಲ್ಲಿ ಎಲ್ಲಿಗೆ ಎಂದು ಕೇಳಿದರು. “ಕಂಪನಿ ಕೆಲಸಾನ ಐತ್ರಿ” ಎಂದೆ. “ಹಂಗಾರ ಹತ್ತು, ಬಿಡ್ತೇನಿ” ಎಂದರು. ಕ್ಷೌರದಂಗಡಿ ಎಂದು ಹೇಳಲು ನಾಲಿಗೆ ಏಳದೆ, ಅದರ ಪಕ್ಕದ ಬ್ಯಾಂಕಿನ ಹೆಸರು ಹೇಳಿದೆ. ಬ್ಯಾಂಕಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಸೇಠರು ಅದನ್ನೊಮ್ಮೆ ನೋಡಿದರು, ಪಕ್ಕದ ಅಂಗಡಿಯ ಕನ್ನಡಿಯನ್ನೊಮ್ಮೆ ನೋಡಿದರು, ಕೊನೆಗೆ ನನ್ನ ಮೇಲ್ದುಟಿಯನ್ನು ನೋಡಿದರು.

“ಹೊಸಾ ಬ್ಲೇಡ್ ಹಾಕಂತ ಹೇಳ” ಎಂದು ಸ್ಕೂಟರು ಬಿಟ್ಟರು.